‘ಪುಟ್ ಆಫ್’ ಅಂದರೆ ಯಾವಾಗಲೂ ‘ಆರಿಸು’ ಅಲ್ಲ

ಇದು ನನ್ನದೇ ಕಥೆ. ಶಾರ್ಜಾದಲ್ಲಿ ಒಂದು ಕಟ್ಟಡದ ಪಾಯದ ಕೆಲಸ ನಡೀತಿತ್ತು. ಸಮುದ್ರ ಹತ್ತಿರ, ಸ್ವಲ್ಪ ಅಗೆದರೂ ನೀರು. ಗುಂಡಿಯ ನೀರೆತ್ತೋ ಪಂಪು ಹಗಲು ರಾತ್ರಿ ಓಡುತ್ತಿರಬೇಕು. ನಾನು ಬಂದು ಎರಡು ತಿಂಗಳಾಗಿತ್ತು, ರಾತ್ರಿ ಪಾಳಿ. ಹತ್ತು ಗಂಟೆಗೆ ಸೂಪರ್‌ವೈಸರ್ ಫೋನ್ ಮಾಡಿ, “ಟುನೈಟ್ಸ್ ಪಂಪ್ ಸರ್ವಿಸ್ ಈಸ್ ಪುಟ್ ಆಫ್” ಅಂದರು. ನನಗೆ ಕೇಳಿಸಿದ್ದು ಮೂರೇ ಮಾತು: ಟುನೈಟ್, ಪಂಪ್, ಪುಟ್ ಆಫ್. “ಓಕೆ ಸರ್” ಅಂದೆ, ಹೋಗಿ ಪಂಪು ಆಫ್ ಮಾಡಿದೆ. ಬೆಳಿಗ್ಗೆ ನೋಡಿದರೆ ಕಟ್ಟಿಟ್ಟ ಕಬ್ಬಿಣದ ಮೇಲೆ ಮೊಣಕಾಲುದ್ದ ನೀರು.

ಅವರು ಹೇಳಿದ್ದು ಇಷ್ಟೇ: ಪಂಪಿನ ಸರ್ವಿಸ್ ಇವತ್ತು ರಾತ್ರಿ ಇಲ್ಲ, ಅದನ್ನು ಮುಂದಕ್ಕೆ ಹಾಕಿದ್ದೇವೆ. ಅಂದರೆ ಪಂಪು ಓಡುತ್ತಲೇ ಇರಲಿ ಅಂತ.

ತಪ್ಪು ನನ್ನದು ಹೌದು, ಆದರೆ ಪೂರ್ತಿ ನನ್ನದಲ್ಲ. ನಮ್ಮ ಊರಲ್ಲಿ ಇಂಗ್ಲಿಷ್ ಕಲಿಸಿದ ಮೇಷ್ಟ್ರು “ಪುಟ್ ಆಫ್ ದ ಲೈಟ್” ಅಂತಲೇ ಹೇಳಿಕೊಟ್ಟಿದ್ದರು. ಅದು ತಪ್ಪು ಇಂಗ್ಲಿಷ್ ಅಲ್ಲ, ಸ್ವಲ್ಪ ಹಳೆಯದು. ಕನ್ನಡದಲ್ಲೂ ನಾವು “ಲೈಟ್ ಹಾಕು” ಅಂತೀವಲ್ಲ, ಹಾಗಾಗಿ ‘ಪುಟ್’ ಕೇಳಿದ ಕೂಡಲೇ ಕೈ ಸ್ವಿಚ್ಚಿಗೆ ಹೋಗುತ್ತದೆ. ಇಲ್ಲಿ ಬ್ರಿಟಿಷರು, ಫಿಲಿಪ್ಪೀನಿನವರು, ಲೆಬನಾನಿನವರು ಯಂತ್ರ ನಿಲ್ಲಿಸಲು ಹೆಚ್ಚಾಗಿ “ಟರ್ನ್ ಇಟ್ ಆಫ್” ಅಥವಾ “ಸ್ವಿಚ್ ಇಟ್ ಆಫ್” ಅನ್ನುತ್ತಾರೆ. ಅವರ ಬಾಯಲ್ಲಿ ‘ಪುಟ್ ಆಫ್’ ಬಂದರೆ ಸಾಮಾನ್ಯವಾಗಿ ಅರ್ಥ ಒಂದೇ: ಮುಂದೂಡುವುದು. ನೀವು ಮಾತಾಡುವಾಗಲೂ ಯಂತ್ರಕ್ಕೆ ‘ಟರ್ನ್ ಆಫ್’, ಕೆಲಸಕ್ಕೆ, ದಿನಕ್ಕೆ, ರಜೆಗೆ ‘ಪುಟ್ ಆಫ್’ ಅಂತ ಬೇರೆ ಬೇರೆ ಇಟ್ಟುಕೊಳ್ಳಿ.

ಬಳಸೋದು ಕಷ್ಟವಿಲ್ಲ. “ದೇ ಪುಟ್ ಆಫ್ ದ ಮೀಟಿಂಗ್”, ಅವರು ಮೀಟಿಂಗ್ ಮುಂದೂಡಿದರು. ‘ಪುಟ್’ ನಿನ್ನೆಗೂ ಅದೇ, ಇವತ್ತಿಗೂ ಅದೇ, ರೂಪ ಬದಲಾಗೋದಿಲ್ಲ. ‘ಪುಟ್ಟೆಡ್’ ಅನ್ನೋ ಮಾತೇ ಇಲ್ಲ. ‘ಇಟ್’ ಬಳಸುವಾಗ ಮಾತ್ರ ಅದು ನಡುವೆ ಬರಬೇಕು: “ಪುಟ್ ಇಟ್ ಆಫ್”. “ಪುಟ್ ಆಫ್ ಇಟ್” ಅಂದರೆ ಕೇಳೋರು ಅರ್ಥ ಮಾಡ್ಕೋತಾರೆ, ಆದರೆ ಹಾಗೆ ಯಾರೂ ಹೇಳೋದಿಲ್ಲ. ಇನ್ನು ‘ಕಾಲ್ ಆಫ್’ ಅಂತ ಒಂದಿದೆ. ಅದು ರದ್ದು. ಮೀಟಿಂಗ್ ‘ಪುಟ್ ಆಫ್’ ಆದರೆ ಇನ್ನೊಂದು ದಿನ ಇದೆ, ‘ಕಾಲ್ಡ್ ಆಫ್’ ಆದರೆ ಇಲ್ಲವೇ ಇಲ್ಲ.

ಎಚ್ಚರ ಬೇಕಾದದ್ದು ಅದರ ಬೆನ್ನಿಗೆ ಬರುವ ಪುಟ್ಟ ಪದದಲ್ಲಿ. “ಪುಟ್ ಆಫ್ ಟಿಲ್ ದ ಟೆನ್ತ್” ಅಂದರೆ ಹತ್ತನೇ ತಾರೀಕಿಗೆ ಹಾಕಿದ್ದಾರೆ. “ಪುಟ್ ಆಫ್ ಬೈ ಟೆನ್ ಡೇಸ್” ಅಂದರೆ ಮೊದಲು ಗೊತ್ತಾಗಿದ್ದ ದಿನದಿಂದ ಹತ್ತು ದಿನ ಆಚೆಗೆ. ನಿಮ್ಮ ಮೆಡಿಕಲ್ 5ನೇ ತಾರೀಕಿಗೆ ಇತ್ತು ಅಂದುಕೊಳ್ಳಿ. ಮೊದಲನೆಯದಾದರೆ 10ಕ್ಕೆ ಹೋಗಬೇಕು, ಎರಡನೆಯದಾದರೆ 15ಕ್ಕೆ. ‘ಟಿಲ್’ ಯಾವ ದಿನಕ್ಕೆ ಅಂತ ಹೇಳುತ್ತೆ, ‘ಬೈ’ ಎಷ್ಟು ದಿನ ಅಂತ ಹೇಳುತ್ತೆ.

ಇದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ, ಅದು ನಮ್ಮ ಭಾಷೆಯೇ ತೋಡಿದ್ದು. ಕನ್ನಡದಲ್ಲಿ ಮದುವೆ ‘ಮುಂದಕ್ಕೆ ಹೋಯ್ತು’ ಅಂದರೆ ತಡವಾಯ್ತು. ಇಂಗ್ಲಿಷಿನಲ್ಲಿ “ಬ್ರಾಟ್ ಫಾರ್ವರ್ಡ್” ಅಂದರೆ ಉಲ್ಟಾ: ಬೇಗ ಆಯ್ತು. “ಪುಟ್ ಬ್ಯಾಕ್” ಅಥವಾ “ಪುಶ್ಡ್ ಬ್ಯಾಕ್” ಅಂದರೆ ಹಿಂದಕ್ಕೆ ಅಂತ ಕೇಳಿಸುತ್ತೆ, ಆದರೆ ತಡ ಅಂತಲೇ ಅರ್ಥ. ನಮ್ಮ ಕ್ಯಾಂಪಿನಲ್ಲಿದ್ದ ಭಟ್ಕಳದ ಒಬ್ಬ ಅಣ್ಣನಿಗೆ ಮಂಗಳೂರು ವಿಮಾನದ ಬಗ್ಗೆ ಮೆಸೇಜ್ ಬಂದಿತ್ತು, “ಬ್ರಾಟ್ ಫಾರ್ವರ್ಡ್ ಬೈ ಟೂ ಅವರ್ಸ್” ಅಂತ. ಎರಡು ಗಂಟೆ ಮುಂದೆ ಹೋಗಿದೆ ಅಂದುಕೊಂಡು ಆರಾಮಾಗಿ ಊಟ ಮುಗಿಸಿ ಹೊರಟರು. ಏರ್‌ಪೋರ್ಟ್ ಮುಟ್ಟುವಷ್ಟರಲ್ಲಿ ಕೌಂಟರ್ ಮುಚ್ಚಿತ್ತು. ತಂಗಿಯ ನಿಕಾಹ್‌ಗೆ ಹೊರಟಿದ್ದವರು ಅವರು. ಮೆಸೇಜಿನಲ್ಲಿ ಹೊಸ ಟೈಮೂ ಇತ್ತಂತೆ, ಕೆಳಗಿನ ಸಾಲಿನಲ್ಲಿ. ಹಾಗಾಗಿ ಇಂಥ ಮೆಸೇಜ್ ಬಂದರೆ ಮಾತು ಬಿಡಿ, ಮೊದಲು ಅಂಕಿ ಹುಡುಕಿ. “ಮೂವ್ಡ್ ಫಾರ್ವರ್ಡ್” ಅಂತಿದ್ದರಂತೂ ಇಂಗ್ಲಿಷ್ ಮಾತೃಭಾಷೆಯವರೇ ಒಬ್ಬೊಬ್ಬರು ಒಂದೊಂದು ಅರ್ಥ ಮಾಡ್ಕೋತಾರೆ. ನಾವು ಹೇಳುವ ‘ಪ್ರೀಪೋನ್’ ಭಾರತದವರಿಗೆ ಗೊತ್ತು. ಬೇರೆ ದೇಶದ ಸೂಪರ್‌ವೈಸರ್‌ಗೆ ಅದು ಗೊತ್ತಿಲ್ಲದೆ ಇರಬಹುದು.

ಈಗ ರಜೆಯ ಮಾತು. ಈ ಪದ ಹೆಚ್ಚು ನೋಯಿಸೋದು ಅಲ್ಲೇ. “ಯುವರ್ ಲೀವ್ ಈಸ್ ಪುಟ್ ಆಫ್” ಅಂತ ಆಫೀಸಿನಲ್ಲಿ ಹೇಳಿದಾಗ ಎಷ್ಟೋ ಜನ ರಜೆ ಹೋಯ್ತು ಅಂತ ತಲೆ ತಗ್ಗಿಸಿ ಬಂದುಬಿಡ್ತಾರೆ. ರಜೆ ಹೋಗಿಲ್ಲ, ಮುಂದೆ ಹೋಗಿದೆ. ಆಗ ಬಾಗಿಲು ದಾಟೋ ಮುಂಚೆ ಒಂದು ಮಾತು ಕೇಳಲೇಬೇಕು: “ಪುಟ್ ಆಫ್ ಟಿಲ್ ವೆನ್, ಸರ್?” ಇದರಲ್ಲಿ ಜಗಳ ಏನೂ ಇಲ್ಲ, ಯಾರೂ ಕೇಳೋ ಮಾಮೂಲಿ ಪ್ರಶ್ನೆ. ಉತ್ತರ ತಾರೀಕಾಗಿದ್ದರೆ ಒಳ್ಳೇದು. “ಅಂಟಿಲ್ ಫರ್ದರ್ ನೋಟಿಸ್” ಅಂದರೆ ಮತ್ತೆ ಹೇಳುವ ತನಕ ಅಂತ, ತಾರೀಕೇ ಇಲ್ಲ ಅಂತ. ಅಂಥ ಉತ್ತರ ಬಂದಾಗ ಬರವಣಿಗೆಯಲ್ಲಿ ಕೇಳಿ.

ಯುಎಇಯಲ್ಲಿ ಖಾಸಗಿ ಕಂಪನಿಗಳ ಕೆಲಸಗಾರರಿಗೆ ಇರುವ ಕಾನೂನು 2021ರ 33ನೇ ಸಂಖ್ಯೆಯದು, 2022ರ ಫೆಬ್ರುವರಿ 2ರಿಂದ ಜಾರಿಯಲ್ಲಿದೆ. ಒಂದು ವರ್ಷ ಪೂರೈಸಿದವರಿಗೆ ವರ್ಷಕ್ಕೆ 30 ದಿನ ಸಂಬಳ ಸಹಿತ ರಜೆ. ಯಾವಾಗ ಹೋಗಬೇಕು ಅನ್ನೋದನ್ನು ಕೆಲಸದ ಅಗತ್ಯ ನೋಡಿ ಕಂಪನಿ ಗೊತ್ತುಮಾಡಬಹುದು, ನಮ್ಮ ಜೊತೆ ಮಾತಾಡಿ. ಆ ದಿನವನ್ನು ಕನಿಷ್ಠ ಒಂದು ತಿಂಗಳು ಮೊದಲು ನಮಗೆ ತಿಳಿಸಬೇಕು. ಕೂಡಿದ ರಜೆಯನ್ನು ಎರಡು ವರ್ಷಕ್ಕಿಂತ ಹೆಚ್ಚು ತಡೆಹಿಡಿಯುವಂತಿಲ್ಲ. ನೀವೇ ಮುಂದಿನ ವರ್ಷಕ್ಕೆ ಇರಲಿ ಅಂದರೆ ಅಥವಾ ಬದಲಿಗೆ ಹಣ ಕೇಳಿದರೆ ಆ ಮಾತು ಬೇರೆ. ಅಂದರೆ ‘ಪುಟ್ ಆಫ್’ ಅನ್ನೋದಕ್ಕೂ ಒಂದು ಕೊನೆ ಇದೆ. (ಮನೆಗೆಲಸದವರಿಗೆ, ಮನೆ ಡ್ರೈವರ್‌ಗಳಿಗೆ ಕಾನೂನು ಬೇರೆ. ಅವರು ಈ ಲೆಕ್ಕ ಹಿಡಿಯಬೇಡಿ.)

ಆಫೀಸಿನಿಂದ ಬಂದ ಮೇಲೆ ವಾಟ್ಸಾಪ್‌ನಲ್ಲಿ ಹೀಗೊಂದು ಸಾಲು ಕಳಿಸಿ: “ಸರ್, ಯು ಟೋಲ್ಡ್ ಮಿ ಟುಡೇ ಮೈ ಲೀವ್ ಈಸ್ ಪುಟ್ ಆಫ್. ಪ್ಲೀಸ್ ಕನ್ಫರ್ಮ್ ದ ನ್ಯೂ ಡೇಟ್.” ಇವತ್ತು ನನ್ನ ರಜೆ ಮುಂದೂಡಿದ್ದೀರಿ ಅಂದಿರಿ, ಹೊಸ ತಾರೀಕು ಖಚಿತಪಡಿಸಿ ಅಂತ ಅರ್ಥ. ಉತ್ತರ ಬಾರದಿದ್ದರೂ ನೀವು ಕೇಳಿದ ದಿನ ಫೋನಿನಲ್ಲಿ ಉಳಿಯುತ್ತೆ. ಆ ಮೆಸೇಜ್ ಅಳಿಸಬೇಡಿ. ಮತ್ತೆ, ತಾರೀಕು ಬರವಣಿಗೆಯಲ್ಲಿ ಸಿಗೋ ತನಕ ಟಿಕೆಟ್ ಮಾಡಬೇಡಿ, ಎಷ್ಟೇ ಅಗ್ಗವಾಗಿರಲಿ. ಊರಿಗೂ ‘ಬರ್ತೀನಿ’ ಅಂತ ಹೇಳಬೇಡಿ. ಅಮ್ಮ ಆ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿರುತ್ತಾರೆ.

ಮುಂದೂಡೋದು ಬರೀ ಕಂಪನಿಯವರಲ್ಲ, ನಾವೂ ಮುಂದೂಡ್ತೀವಿ. “ಐ ಕೆಪ್ಟ್ ಪುಟಿಂಗ್ ಇಟ್ ಆಫ್”, ನಾಳೆ ನಾಳೆ ಅಂತ ಬಿಟ್ಟೆ. ಡಾಕ್ಟರ ಮುಂದೆ ನಮ್ಮವರು ಹೆಚ್ಚಾಗಿ ಹೇಳಬೇಕಾಗಿ ಬರುವ ವಾಕ್ಯ ಇದು. ಒಂದು ದಿನದ ಸಂಬಳ ಹೋಗುತ್ತೆ ಅನ್ನೋ ಭಯ. ಆದರೆ ಪ್ರೊಬೇಷನ್ ಮುಗಿದವರಿಗೆ ಅದೇ ಕಾನೂನಿನಲ್ಲಿ ವರ್ಷಕ್ಕೆ 90 ದಿನದವರೆಗೆ ಕಾಯಿಲೆ ರಜೆ ಇದೆ: ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 30 ದಿನ ಅರ್ಧ, ಉಳಿದದ್ದಕ್ಕೆ ಇಲ್ಲ. ಮೂರು ಕೆಲಸದ ದಿನದೊಳಗೆ ಕಂಪನಿಗೆ ತಿಳಿಸಬೇಕು, ಡಾಕ್ಟರ ಚೀಟಿ ಕೊಡಬೇಕು. ಫೋರ್‌ಮನ್‌ಗೆ ಹೇಳೋದು ಸುಲಭ: “ಐ ಕ್ಯಾನ್ಟ್ ಪುಟ್ ಇಟ್ ಆಫ್, ಸರ್. ಐ ನೀಡ್ ಎ ಡಾಕ್ಟರ್ ಟುಡೇ.”

ಇನ್ನೊಂದು ಅರ್ಥ ಉಳಿಯಿತು. “ದ ಸ್ಮೆಲ್ ಪುಟ್ ಮಿ ಆಫ್” ಅಂದರೆ ಆ ವಾಸನೆಗೆ ಮನಸ್ಸು ಹಿಂಜರಿಯಿತು, ಬೇಡ ಅನ್ನಿಸಿತು. ಇಲ್ಲಿ ಪುಟ್‌ಗೂ ಆಫ್‌ಗೂ ನಡುವೆ ಮನುಷ್ಯ ಬಂದಿದ್ದಾನೆ ನೋಡಿ, ತಾರೀಕಿನ ಮಾತಲ್ಲ ಅನ್ನೋದಕ್ಕೆ ಅದೇ ಗುರುತು. ನಮ್ಮ ಕ್ಯಾಂಪಿನ ಮೆಸ್ಸಿನ ಸಾಂಬಾರಿಗೆ ಈ ವಾಕ್ಯವನ್ನು ನಾವು ವಾರಕ್ಕೆ ಎರಡು ಸಲವಾದರೂ ಬಳಸುತ್ತಿದ್ದೆವು.