ಎತ್ತಿಗೆ ಹಿಂದೆ ಕಣ್ಣಿಲ್ಲ

ಕತ್ತಲಲ್ಲಿ ಎದುರಿಗೆ ಬರುವ ಚಕ್ಕಡಿಯ ಮೇಲೆ ಬೆಳಕು ಬಿದ್ದಾಗ ಮೊದಲು ಕಾಣುವುದು ಚಕ್ಕಡಿಯಲ್ಲ, ಎತ್ತಿನ ಕಣ್ಣು. ನಾಲ್ಕು ಕೆಂಡದುಂಡೆಗಳು ಗಾಳಿಯಲ್ಲಿ ತೇಲಿ ಬಂದ ಹಾಗೆ! ಎತ್ತು, ಆಕಳು, ಬೆಕ್ಕು, ನಾಯಿಗಳ ಕಣ್ಣಿನ ಒಳಗೋಡೆಗೆ ಕನ್ನಡಿಯಂಥ ಒಂದು ಪೊರೆ ಇರುತ್ತದೆ. ಒಳಗೆ ಹೋದ ಬೆಳಕನ್ನು ಅದು ಬಂದ ದಾರಿಗೇ ತಿರುಗಿ ಕಳಿಸುತ್ತದೆ. ಆದರೆ ಅದೇ ಚಕ್ಕಡಿಯ ಹಿಂದೆ ಲಾರಿ ಬರುತ್ತಿದ್ದರೆ? ಎತ್ತಿಗೆ ಹಿಂದೆ ಕಣ್ಣಿಲ್ಲವಲ್ಲ.

ತಿಕೋಟಾ ತಾಲ್ಲೂಕಿನ ಹೊನವಾಡದ ಕಡೆಯ ಹಿರಿಯರಿಗೆ ಇದು ಹೊಸ ಮಾತಲ್ಲ. ಮುತ್ಯಾನ ಕಾಲದಲ್ಲಿ ಚಕ್ಕಡಿಯ ಅಚ್ಚಿಗೆ ಕಂದೀಲು ಕಟ್ಟುತ್ತಿದ್ದರು. ಗಾಲಿ ಹೊಯ್ದಾಡಿದಂತೆ ಅದೂ ತೂಗುತ್ತಿತ್ತು. ಆಗ ಹಿಂದಿನಿಂದ ಬರುವುದೂ ಇನ್ನೊಂದು ಚಕ್ಕಡಿಯೇ ಆಗಿದ್ದರಿಂದ ಅಷ್ಟು ಬೆಳಕು ಸಾಕಾಗುತ್ತಿತ್ತು. ಈಗ ತಿಕೋಟಾಕ್ಕೆ ಬಂದು ವಿಜಯಪುರ–ಅಥಣಿ ರಸ್ತೆ ಹಿಡಿದರೆ, ಅಥವಾ ವಿಜಯಪುರ ದಾಟಿ ಸೊಲ್ಲಾಪುರ–ಹುಬ್ಬಳ್ಳಿಯ ರಾಷ್ಟ್ರೀಯ ಹೆದ್ದಾರಿ 52ಕ್ಕೆ ಏರಿದರೆ, ಹಿಂದಿನಿಂದ ಬರುವ ಗಾಡಿಯ ವೇಗ ಗಂಟೆಗೆ 80 ಕಿಲೋಮೀಟರ್. ನಮ್ಮ ಚಕ್ಕಡಿಯದು ನಾಲ್ಕು.

ಲೆಕ್ಕ ಇಷ್ಟವಿರುವ ಮಕ್ಕಳು ಇಲ್ಲಿ ಪೆನ್ಸಿಲ್ ಹಿಡಿಯಬಹುದು. ಗಂಟೆಗೆ 80 ಕಿಲೋಮೀಟರ್ ಎಂದರೆ ಒಂದು ಸೆಕೆಂಡಿಗೆ ಸುಮಾರು 22 ಮೀಟರ್. ಡಿಮ್ ದೀಪದಲ್ಲಿ ಕಪ್ಪಗಿನ ವಸ್ತು ಕಣ್ಣಿಗೆ ಬೀಳುವುದು ಹೆಚ್ಚುಕಡಿಮೆ 40–50 ಮೀಟರ್ ಹತ್ತಿರ ಬಂದಾಗ. ಅಂದರೆ ಚಾಲಕನ ಕೈಯಲ್ಲಿ ಉಳಿದಿರುವುದು ಎರಡು ಸೆಕೆಂಡು, ಮೇಲೆ ಸ್ವಲ್ಪ. ಕಂಡದ್ದು ಏನೆಂದು ತಿಳಿದು ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡು ಮುಗಿದಿರುತ್ತದೆ. ಬ್ರೇಕ್ ಒತ್ತಿದ ಮೇಲೂ ಗಾಡಿ ನಿಲ್ಲಲು ಇನ್ನೂ 40 ಮೀಟರ್ ಬೇಕು. ಕೂಡಿಸಿ ನೋಡಿ, ಲೆಕ್ಕ ಹೊಂದುವುದಿಲ್ಲ. ಎಷ್ಟೇ ಒಳ್ಳೆಯ ಚಾಲಕನಾಗಿರಲಿ, ಎಷ್ಟೇ ಹೊಸ ಬ್ರೇಕ್ ಇರಲಿ, ಹೊಂದುವುದಿಲ್ಲ. ಎದುರಿನಿಂದ ಇನ್ನೊಂದು ಗಾಡಿಯ ಬೆಳಕು ಕಣ್ಣಿಗೆ ಹೊಡೆದರಂತೂ ಆ ಎರಡು ಸೆಕೆಂಡೂ ಇಲ್ಲ. ವಯಸ್ಸಾದವರ ಕಣ್ಣು ಆ ಬೆಳಕಿನಿಂದ ಸುಧಾರಿಸಿಕೊಳ್ಳಲು ಇನ್ನೂ ಹೊತ್ತು ಹಿಡಿಯುತ್ತದೆ.

ಅದೇ ಚಕ್ಕಡಿಯ ಹಿಂದೆ ಒಂದು ಚೊಕ್ಕ ರಿಫ್ಲೆಕ್ಟರ್ ಇದ್ದರೆ 200 ಮೀಟರ್ ದೂರದಿಂದಲೇ ಕೆಂಪಗೆ ಹೊಳೆಯುತ್ತದೆ. ಎರಡು ಸೆಕೆಂಡು ಹೋಗಿ ಒಂಬತ್ತು ಸೆಕೆಂಡು ಆಯಿತು. ಆ ಏಳು ಸೆಕೆಂಡಿನಲ್ಲಿ ಒಂದು ಮನೆಯ ಯಜಮಾನ ಮನೆಗೆ ಮರಳುತ್ತಾನೆ.

ನಮ್ಮ ಕಡೆ ಇದಕ್ಕೆ ಎಲ್ಲರೂ ‘ರೇಡಿಯಂ’ ಎನ್ನುತ್ತಾರೆ. ‘ರೇಡಿಯಂ ಹಚ್ಚಿಸಿಕೊಂಡು ಬಾ’ ಎಂದರೆ ಅಂಗಡಿಯವನಿಗೂ ತಿಳಿಯುತ್ತದೆ. ತಮಾಷೆಯೆಂದರೆ ಅದರಲ್ಲಿ ರೇಡಿಯಂ ಎಳ್ಳಷ್ಟೂ ಇಲ್ಲ. 1898ರಲ್ಲಿ ಮೇರಿ ಕ್ಯೂರಿ ಮತ್ತು ಪಿಯರ್ ಕ್ಯೂರಿ ಕಂಡುಹಿಡಿದ ರೇಡಿಯಂ ಬೇರೆ. ಅದನ್ನು ಬೆರೆಸಿದ ಬಣ್ಣವನ್ನು ಹಿಂದೆ ಗಡಿಯಾರದ ಮುಳ್ಳಿಗೆ ಬಳಿಯುತ್ತಿದ್ದರು, ಅದು ಕತ್ತಲಲ್ಲಿ ತಾನೇ ಮಿನುಗುತ್ತಿತ್ತು. ಮೈಗೆ ಅಪಾಯವೆಂದು ಆಮೇಲೆ ಬಿಟ್ಟರು. ಗಾಡಿಗೆ ಹಚ್ಚುವ ಪಟ್ಟಿ ತಾನಾಗಿ ಮಿನುಗುವುದೇ ಇಲ್ಲ. ಬೆಳಕು ಬಿದ್ದರೆ ಮಾತ್ರ, ಬಿದ್ದ ಕಡೆಗೇ ಹಿಂದಿರುಗಿಸುತ್ತದೆ.

ಹೇಗೆ ಎನ್ನುತ್ತೀರಾ? ಕೇರಂ ಬೋರ್ಡ್ ತನ್ನಿ. ಸ್ಟ್ರೈಕರನ್ನು ಮೂಲೆಯ ಹತ್ತಿರ ಒಂದು ಅಂಚಿಗೆ ಓರೆಯಾಗಿ ಹೊಡೆಯಿರಿ. ಅದು ಪಕ್ಕದ ಅಂಚಿಗೂ ತಾಗಿದರೆ, ಹೋದ ದಿಕ್ಕಿಗೇ ತಿರುಗಿ ಬರುತ್ತದೆ. ಕೋಣೆಯ ಮೂಲೆಯಲ್ಲಿ ಎರಡು ಗೋಡೆ, ಒಂದು ನೆಲ ಕೂಡುವಂತೆ ಮೂರು ಪುಟ್ಟ ಕನ್ನಡಿ ಕೂಡಿಸಿದರೆ ಬೆಳಕಿಗೂ ಅದೇ ಗತಿ. ಸೈಕಲ್ಲಿನ ಹಿಂದಿನ ಕೆಂಪು ಬಿಲ್ಲೆಯನ್ನು ಹತ್ತಿರದಿಂದ ನೋಡಿ, ಅಂಥ ನೂರಾರು ಮೂಲೆಗಳು ಒತ್ತಿ ಕೂತಿರುತ್ತವೆ. ಕೆಲವು ಅಂಟುಪಟ್ಟಿಗಳಲ್ಲಿ ಮೂಲೆಯ ಬದಲು ಸಣ್ಣ ಸಣ್ಣ ಗಾಜಿನ ಮಣಿಗಳು ಇರುತ್ತವೆ, ಎತ್ತಿನ ಕಣ್ಣಿನಂತೆಯೇ.

ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್ ಊರಿನ ಪರ್ಸಿ ಷಾ ಎಂಬಾತ 1934ರಲ್ಲಿ ರಸ್ತೆಯ ನಡುವೆ ಕೂರಿಸುವ ಹೊಳೆಯುವ ಗುಬ್ಬಿಗಳನ್ನು ಮಾಡಿ ಅದಕ್ಕೆ ‘ಬೆಕ್ಕಿನ ಕಣ್ಣು’ ಎಂದೇ ಹೆಸರಿಟ್ಟ. ಇನ್ನೂ ದೂರ ಹೋಗೋಣ. ನಮ್ಮ ಚಂದ್ರಯಾನ–3ರ ವಿಕ್ರಮ್ 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿಯಿತಲ್ಲ, ಅದರ ಮೇಲೆ ಇಂಥ ಎಂಟು ಮೂಲೆಗನ್ನಡಿಗಳ ಒಂದು ಗುಮ್ಮಟ ಇದೆ. ಅಗಲ ಐದು ಸೆಂಟಿಮೀಟರ್ ಅಷ್ಟೇ. ವಿಕ್ರಮ್ ನಿದ್ದೆಹೋಗಿ ತಿಂಗಳುಗಳಾದ ಮೇಲೆ, ಡಿಸೆಂಬರ್ 12ರಂದು, ಚಂದ್ರನನ್ನು ಸುತ್ತುವ ನಾಸಾದ ನೌಕೆ 100 ಕಿಲೋಮೀಟರ್ ದೂರದಿಂದ ಲೇಸರ್ ಬೆಳಕು ಬಿಟ್ಟಿತು. ಬೆಳಕು ತಿರುಗಿ ಬಂತು. ಬ್ಯಾಟರಿ ಇಲ್ಲ, ವೈರ್ ಇಲ್ಲ, ಸ್ವಿಚ್ ಇಲ್ಲ. ಚಕ್ಕಡಿಗೆ ಇದಕ್ಕಿಂತ ಒಪ್ಪುವ ವಸ್ತು ಯಾವುದಿದೆ?

ಹಾಗೆಂದು ಚಕ್ಕಡಿ ಒಂದನ್ನೇ ದೂರುವಂತಿಲ್ಲ. ಕಬ್ಬಿನ ಹಂಗಾಮಿನಲ್ಲಿ ಬಬಲೇಶ್ವರದ ಕಡೆ ರಾತ್ರಿ ಹೋಗಿ ನೋಡಿ. ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರಿಗೆ ಒಂದರ ಹಿಂದೆ ಒಂದು ಎರಡು ಟ್ರೇಲರ್. ದೀಪ ಟ್ರ್ಯಾಕ್ಟರಿನಲ್ಲಿ ಉರಿಯುತ್ತಿರುತ್ತದೆ, ಆದರೆ ಹಿಂದಿನ ಟ್ರೇಲರಿನಿಂದ ಹೊರಚಾಚಿದ ಕಬ್ಬು ಎಲ್ಲವನ್ನೂ ಮುಚ್ಚಿರುತ್ತದೆ. ಮೋಟಾರು ವಾಹನಗಳ ನಿಯಮದ ಪ್ರಕಾರ ಹಿಂದೆ ಕೆಂಪು ರಿಫ್ಲೆಕ್ಟರ್ ಇರಲೇಬೇಕು. ಹಂಗಾಮು ಶುರುವಾದಾಗ ಪೊಲೀಸರು ರಸ್ತೆಯಲ್ಲಿ ನಿಂತು ಪಟ್ಟಿ ಹಚ್ಚುವುದೂ ಉಂಟು. ಅದು ಒಂದು ದಿನದ ಕೆಲಸ. ಮರುದಿನದ ಧೂಳು, ಕೆಸರು ಒರೆಸುವವರು ಯಾರು? ಬೈಕಿನ ಹಿಂದೆ ಮೇವಿನ ಹೊರೆ, ಹಾಲಿನ ಕ್ಯಾನು, ಟಂಟಂ ಹಿಂದೆ ಜೋತುಬಿದ್ದ ಚೀಲ, ಇವೂ ದೀಪವನ್ನು ನುಂಗುತ್ತವೆ.

ಆದ್ದರಿಂದ ಎಲ್ಲಿ ಹಚ್ಚುತ್ತೀರಿ ಎನ್ನುವುದೇ ಮುಖ್ಯ. ನಡುವೆ ಒಂದು ಬಿಲ್ಲೆ ಹಚ್ಚಿದರೆ ಚಾಲಕ ಅದನ್ನು ಬೈಕು ಎಂದುಕೊಂಡು ಪಕ್ಕದಿಂದ ನುಗ್ಗುತ್ತಾನೆ. ಎರಡೂ ತುದಿಗೆ ಹಚ್ಚಿದರೆ ಗಾಡಿಯ ಅಗಲ ತಿಳಿಯುತ್ತದೆ. ಹಿಂದೆ ಕೆಂಪು, ಮುಂದೆ ಬಿಳಿ, ಅದಲುಬದಲಾಗಬಾರದು. ಕಬ್ಬು ಹೇರಿದ್ದರೆ ಹೊರಚಾಚಿದ ಜಲ್ಲೆಗಳ ತುದಿಗೇ ಹೊಳೆಯುವ ಬಟ್ಟೆ ಕಟ್ಟಬೇಕು. ಅಮೆರಿಕದ ಓಹಾಯೊದಲ್ಲಿ 1960ರ ದಶಕದ ಆರಂಭದಲ್ಲೇ ಟ್ರ್ಯಾಕ್ಟರುಗಳಿಗೆಂದು ಕೆಂಪು ಅಂಚಿನ ಕಿತ್ತಳೆ ತ್ರಿಕೋನ ಮಾಡಿದರು. ಅದನ್ನು ಕಂಡರೆ ‘ಇದು ನಿಧಾನದ ಗಾಡಿ’ ಎಂದು ಅರ್ಥ. ಗಾಡಿ ಕೆಟ್ಟು ನಿಂತರೆ ನಮ್ಮವರು ಕಲ್ಲು ಇಟ್ಟು, ಟೊಂಗೆ ಮುರಿದು ಹಾಕುತ್ತಾರೆ. ಕಲ್ಲೂ ಟೊಂಗೆಯೂ ಕತ್ತಲಲ್ಲಿ ಗಾಡಿಯಷ್ಟೇ ಕಪ್ಪು. ಗಾಡಿ ಹೋದ ಮೇಲೂ ಅಲ್ಲೇ ಉಳಿದು ಬೈಕಿನವನನ್ನು ಬೀಳಿಸುತ್ತವೆ.

ಇಂದು ರಾತ್ರಿ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ರಸ್ತೆಗೆ ಹೋಗಬೇಡಿ, ಅಂಗಳ ಅಥವಾ ಹೊಲದ ದಾರಿ ಸಾಕು. ಮನೆಯ ಗಾಡಿಯ ಹಿಂದೆ ಐವತ್ತು ಹೆಜ್ಜೆ ನಡೆದು ನಿಲ್ಲಿ. ಬ್ಯಾಟರಿಯನ್ನು ಕಿವಿಯ ಪಕ್ಕ ಹಿಡಿದು ಬೆಳಕು ಬಿಡಿ, ಬಿಲ್ಲೆ ಫಳ್ಳೆನ್ನಬೇಕು. ಈಗ ಬ್ಯಾಟರಿಯನ್ನು ತಮ್ಮನ ಕೈಗೆ ಕೊಟ್ಟು ಅವನನ್ನು ಹತ್ತು ಹೆಜ್ಜೆ ಪಕ್ಕಕ್ಕೆ ನಿಲ್ಲಿಸಿ, ಅಲ್ಲಿಂದ ಬೆಳಕು ಬಿಡಲಿ. ನಿಮಗೆ ಬಿಲ್ಲೆ ಮಂಕಾಗಿ, ಅವನಿಗೆ ಮಾತ್ರ ಹೊಳೆಯುತ್ತದೆ. ಬೆಳಕು ಕಳಿಸಿದವನಿಗೇ ವಾಪಸು ಹೋಗುತ್ತದೆ ಎನ್ನುವುದಕ್ಕೆ ಸಾಕ್ಷಿ ಇದು. ಎಷ್ಟು ಬೆಳಕು ಬಿಟ್ಟರೂ ಹೊಳೆಯದಿದ್ದರೆ ಮುತ್ಯಾನನ್ನು ಕರೆದು ತೋರಿಸಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಆಯಿತೋ, ಒಡೆದೇ ಹೋಗಿದೆಯೋ ಅವನೇ ಹೇಳುತ್ತಾನೆ. ಒಡೆದಿದ್ದರೆ ಸಂತೆಯ ದಿನ ತಿಕೋಟಾದಿಂದ ತರಬೇಕಾದ ಸಾಮಾನಿನ ಚೀಟಿಯಲ್ಲಿ ಉಪ್ಪು, ಬೆಲ್ಲದ ಕೆಳಗೆ ಬರೆದುಬಿಡಿ: ರೇಡಿಯಂ, ಕೆಂಪು, ಎರಡು.