ಸುರಪುರದ ಸೈನ್ಯಾಧಿಕಾರಿಯ ಚಿತ್ರಲೇಖನ

ಯೋಧರು ಬಿಡುವಿನಲ್ಲಿ ಕುಂಚ ಹಿಡಿಯುವುದು ಅಪೂರ್ವವಲ್ಲ. 1896ರಲ್ಲಿ ಬೆಂಗಳೂರಿನ ದಂಡಿನಲ್ಲಿ ಕಿರಿಯ ಅಧಿಕಾರಿಯಾಗಿದ್ದ ವಿನ್‌ಸ್ಟನ್ ಚರ್ಚಿಲನು 1915ರಲ್ಲಿ ವರ್ಣಚಿತ್ರಾಭ್ಯಾಸವನ್ನು ಕೈಕೊಂಡನು. ಮುಪ್ಪಿನಲ್ಲಿ ಬರೆದ ಹೊಮ್ಮೀನುಗಳ ಕೊಳದ ಚಿತ್ರವನ್ನು ತನ್ನ ಅಂಗರಕ್ಷಕ ಎಡ್ಮಂಡ್ ಮರೆಗೆ ಕಾಣಿಕೆಯಾಗಿ ಕೊಟ್ಟನು. ಇಂಥ ಚಿತ್ರಗಳ ಬೆಲೆ ಕೊಟ್ಟವನ ಹೆಸರಿನಿಂದ ಬಂದುದು. ಕಲಬುರಗಿ ಸೀಮೆಯಲ್ಲಿ ನಿಜಾಮನ ಸೈನ್ಯದ ಅಧಿಕಾರಿಯೊಬ್ಬನು ಬರೆದ ಚಿತ್ರಗಳ ಬೆಲೆ ಬೇರೆ ಬಗೆಯದು. ನಿಜಾಮನ ಬಿಡಾರಕ್ಕೆಂದು ಎದ್ದ ಐವಾನ್-ಎ-ಶಾಹಿ ಸೌಧವು ಆ ಪ್ರಭುತ್ವವನ್ನು ನಗರದಲ್ಲಿ ಇಂದಿಗೂ ನೆನಪಿಸುವುದು. ಈ ಅಧಿಕಾರಿಯ ಕುರುಹುಗಳನ್ನು ಅರಸುವವರು ದಕ್ಷಿಣಕ್ಕೆ, ಸುರಪುರದ ಬೆಟ್ಟದ ಮೇಲಿನ ಟೇಲರ್ ಮಂಜಿಲಿಗೆ ಹೋಗಬೇಕು.

ಫಿಲಿಪ್ ಮೆಡೋಸ್ ಟೇಲರನು 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದನು. ಹದಿನೈದರ ಹುಡುಗನಾಗಿ ವರ್ತಕನೊಬ್ಬನ ಕೆಲಸಕ್ಕೆಂದು ಮುಂಬಯಿಗೆ ಬಂದು, 1824ರಲ್ಲಿಯೇ ನಿಜಾಮನ ಸೈನ್ಯವನ್ನು ಸೇರಿದನು. ಭೂಮಾಪನ, ಕಾನೂನು, ದೇಶಭಾಷೆಗಳು, ಚಿತ್ರಲೇಖನ ಇವೆಲ್ಲವೂ ಆತನಿಗೆ ಸ್ವಪ್ರಯತ್ನದಿಂದ ಬಂದವು. ಆತನ ದಖ್ಖನ್ನಿನ ಚಿತ್ರಗಳು 1837ರಲ್ಲಿ ಲಂಡನ್ನಿನಲ್ಲಿ ಕಲ್ಲಚ್ಚಿನಲ್ಲಿ ಪ್ರಕಟವಾದವು. ಅವು ನೋಡಲು ಚೆಲುವಾದರೂ ಪ್ರವಾಸಿಯ ಚಿತ್ರಗಳೇ.

1841ರಲ್ಲಿ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳಲು ಬಂದ ಟೇಲರನು 1853ರವರೆಗೆ ಅಲ್ಲಿದ್ದನು. ಬಾಲಕ ಅರಸು ವೆಂಕಟಪ್ಪನಾಯಕನು ಆತನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನು. ಆ ಅರಸನೇ 1858ರಲ್ಲಿ ಬ್ರಿಟಿಷರಿಗೆ ಇದಿರಾಗಿ ಸೆರೆಸಿಕ್ಕಿ ಮಡಿದುದು ಬೇರೆಯೇ ಒಂದು ದುಃಖದ ಕಥೆ. ಸಂಸ್ಥಾನದಲ್ಲಿ ಸಂಚರಿಸುವಾಗ ರಾಜನಕೋಳೂರು, ಹಗರಟಗಿ ಮೊದಲಾದೆಡೆಗಳಲ್ಲಿ ದೊಡ್ಡ ಚಪ್ಪಡಿಗಳ ಕಲ್ಮನೆಗಳೂ ಕಲ್ಲಿನ ಬಳೆಯ ಗೋರಿಗಳೂ ಟೇಲರನ ಕಣ್ಣಿಗೆ ಬಿದ್ದವು. ಊರವರು ಅವನ್ನು ಕುಳ್ಳರಾದ ಮೋರ್ಯರ ಮನೆಗಳೆನ್ನುತ್ತಿದ್ದರು. ಟೇಲರನು ಜೇವರ್ಗಿಯ ಗೋರಿಗಳನ್ನು ಅಗೆಯಿಸಿದನು.

ಅಂದು ಹಳೆಯ ಗೋರಿ ತೆರೆದವರಲ್ಲಿ ಬಹುಮಂದಿ ಗಡಿಗೆ, ಕಬ್ಬಿಣದ ಆಯುಧಗಳನ್ನು ತೆಗೆದುಕೊಂಡು ಮಣ್ಣು ಮುಚ್ಚುತ್ತಿದ್ದರು. ಗೋರಿಯನ್ನು ಒಮ್ಮೆ ಅಗೆದರೆ ಅದು ಅಳಿದಂತೆಯೇ. ಯಾವ ಪದರದಲ್ಲಿ ಯಾವ ವಸ್ತು ಇದ್ದಿತೆಂಬುದನ್ನು ಮತ್ತೆ ಕಾಣುವಂತಿಲ್ಲ. ಟೇಲರನು ಗೋರಿಯನ್ನು ನೆತ್ತಿಯಿಂದ ತಳದವರೆಗೆ ಸೀಳಿ ನೋಡಿದಂತೆ ಛೇದಚಿತ್ರವನ್ನು ಬರೆದನು: ಮೇಲಿನ ಕಲ್ಲಿನ ಬಳೆ, ಕೆಳಗಿನ ಮಣ್ಣು, ಚಪ್ಪಡಿ, ಮಡಕೆ, ಎಲುಬು ಎಲ್ಲವೂ ತಂತಮ್ಮ ಎಡೆಯಲ್ಲಿ. ಭೂಮಾಪಕನ ಕೈ ಇಲ್ಲಿ ಚಿತ್ರಗಾರನ ಕೈಗೆ ನೆರವಾಯಿತೆನ್ನಬೇಕು.

ಟೇಲರನ ಊಹೆಗಳಾದರೋ ನಿಲ್ಲಲಿಲ್ಲ. ಐರ್ಲೆಂಡು, ಬ್ರಿಟನ್ನುಗಳ ಕಲ್ಗೋರಿಗಳೊಡನೆ ಹೋಲಿಸಿ, ಇವನ್ನು ಕೆಲ್ಟರ ಇಲ್ಲವೆ ಶಕರ ಕುಲದವರು ಕಟ್ಟಿದರೆಂದು ಆತನು ಬಗೆದನು. ಇಂದು ವಿದ್ವಾಂಸರು ಇವನ್ನು ದಕ್ಷಿಣ ಭಾರತದ ಕಬ್ಬಿಣಯುಗದವರ ಸಮಾಧಿಗಳೆಂದು ಎಣಿಸುತ್ತಾರೆ. ಮುಂಡದಿಂದ ಬೇರ್ಪಟ್ಟ ತಲೆಬುರುಡೆಗಳನ್ನು ಕಂಡು ನರಬಲಿಯೆಂದು ಊಹಿಸಿದನು. ಶವವು ಕರಗಿದ ಬಳಿಕ ಎಲುಬುಗಳನ್ನಷ್ಟೇ ಆಯ್ದು ಹೂಳುವ ಪದ್ಧತಿಯಿಂದಲೂ ಬುರುಡೆಗಳು ಹಾಗೆ ಬೇರಾಗಿರಬಹುದು. ಆದರೆ ಊಹೆಗೆ ತಕ್ಕಂತೆ ಚಿತ್ರವನ್ನು ತಿದ್ದಲಿಲ್ಲವೆಂಬುದೇ ಮುಖ್ಯ. ಬುರುಡೆ ಕಂಡಲ್ಲಿಯೇ ಬುರುಡೆಯನ್ನು ಬರೆದುದರಿಂದ, ಆತನ ತೀರ್ಮಾನವನ್ನು ಒಪ್ಪದವರಿಗೂ ಆತನ ಚಿತ್ರವೇ ಆಧಾರ.

ಹೈದರಾಬಾದಿನ ಪ್ರಾಕ್ತನ ಇಲಾಖೆ 1941ರಲ್ಲಿ ಈ ಲೇಖನಗಳನ್ನು ಒಟ್ಟುಗೂಡಿಸಿ ಮರುಮುದ್ರಿಸಿತು. ಬ್ರಹ್ಮಗಿರಿಯನ್ನು 1947ರಲ್ಲಿ ಅಗೆಯಿಸಿದ ಮಾರ್ಟಿಮರ್ ವ್ಹೀಲರನು, ಪರರ ಅಗೆತಗಳನ್ನು ಸುಲಭವಾಗಿ ಮೆಚ್ಚದವನು, ಟೇಲರನ ಛೇದಚಿತ್ರಗಳನ್ನು ಕಾಲಕ್ಕೆ ಬಹಳ ಮುಂದಿದ್ದವೆಂದು ಹೊಗಳಿದನು. ರಾಜನಕೋಳೂರಿನ ಕಲ್ಮನೆಗಳು ಈಗಲೂ ನಿಂತಿವೆ. ಜೇವರ್ಗಿಯಲ್ಲಿ ಟೇಲರನು ತೆರೆಯಿಸಿದ ಗೋರಿಗಳ ಒಳಗು ಆ ಹಾಳೆಗಳಲ್ಲಿ ಮಾತ್ರ ಉಳಿದಿದೆ.