ಬಾಡಿಗೆಯ ಬಿಡಾರ: ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ಅಲ್ಪಕಾಲದ ವಸತಿ ಮತ್ತು ಸ್ಥಳೀಯ ನಿಯಮಗಳು

೧. ಪ್ರಶ್ನೆಯ ಸ್ವರೂಪ

ಪರಸ್ಥಳದವನೊಬ್ಬನು ಹಣ ಕೊಟ್ಟು ಎರಡು ಮೂರು ರಾತ್ರಿ ತಂಗುವ ಮನೆಯು ಮನೆಯೋ, ವಸತಿಗೃಹವೋ? ಮೇಲ್ನೋಟಕ್ಕೆ ಇದು ಬರಿಯ ಶಬ್ದಜಿಜ್ಞಾಸೆಯೆಂದು ತೋರಬಹುದು. ಆದರೆ ಮನೆಯೊಡೆಯನು ಯಾವ ಕಚೇರಿಯ ಪರವಾನಗಿ ಪಡೆಯತಕ್ಕದ್ದು, ತಂಗುವವನ ಹೆಸರನ್ನು ಬರೆದಿಡಬೇಕೇ ಬೇಡವೇ, ಯಾರಿಗಾದರೂ ಸ್ಥಳವಿಲ್ಲವೆನ್ನುವ ಅಧಿಕಾರವು ಅವನಿಗೆ ಎಷ್ಟರಮಟ್ಟಿಗೆ ಉಂಟು ಎಂಬುವೆಲ್ಲ ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿವೆ. ದೊಡ್ಡ ನಗರಗಳಲ್ಲಿ ಈ ವಿಷಯವು ಈಗಾಗಲೇ ವಿವಾದಕ್ಕೆ ಎಡೆಮಾಡಿದೆ. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ಸಣ್ಣ ಊರುಗಳಲ್ಲಿಯೂ ಅವುಗಳ ಸುತ್ತಣ ಹಳ್ಳಿಗಳಲ್ಲಿಯೂ ಅದು ಯಾವ ರೂಪವನ್ನು ತಳೆಯುತ್ತದೆ, ಅದಕ್ಕೆ ಸಂಬಂಧಿಸಿದ ನಿಯಮಗಳು ಹೇಗೆ ಬೆಳೆದುಬಂದವು ಎಂಬುದನ್ನು ಸ್ಥೂಲವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಈ ಪ್ರದೇಶಕ್ಕೆ ಬರುವವರು ಒಂದೇ ಬಗೆಯ ಜನರಲ್ಲ. ಹಾನಗಲ್ಲಿನ ತಾರಕೇಶ್ವರ ದೇವಾಲಯವನ್ನು ನೋಡಲು ಬರುವ ಶಿಲ್ಪಾಭ್ಯಾಸಿಗಳು, ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ ಷರೀಫ ಸಾಹೇಬರ (೧೮೧೯–೧೮೮೯) ಗದ್ದುಗೆಗೆ ನಡೆದುಕೊಳ್ಳುವ ಭಕ್ತರು, ಕನಕದಾಸರ ಜನ್ಮಸ್ಥಳವೆನಿಸಿದ ಬಾಡಕ್ಕೆ ಹೋಗುವವರು, ಸವಣೂರಿನಲ್ಲಿ ಸತ್ಯಬೋಧತೀರ್ಥರ ವೃಂದಾವನದ ದರ್ಶನಾರ್ಥಿಗಳು, ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲಿ ಏಕಾಂತದ ರಾಮಯ್ಯನ ಶಾಸನವನ್ನು ಓದಬಯಸುವವರು ಹೀಗೆ ನಾನಾ ವಿಧದವರಿದ್ದಾರೆ. ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಸ್ಥಾಪನೆಗೊಂಡ ಮೇಲೆ ಸಂಶೋಧಕರೂ ವಿದ್ಯಾರ್ಥಿಗಳೂ ಈ ಸಾಲಿಗೆ ಸೇರಿದ್ದಾರೆ. ಇವರಲ್ಲಿ ಅನೇಕರಿಗೆ ಬೇಕಾದುದು ವರ್ಷದ ಬಾಡಿಗೆಯ ಮನೆಯೂ ಅಲ್ಲ, ನಗರದ ಹೋಟೆಲೂ ಅಲ್ಲ. ಕೆಲವು ದಿನಗಳ ಮಟ್ಟಿಗೆ ಒಂದು ಶುಚಿಯಾದ ಖೋಲಿ.

೨. ಶುಲ್ಕವಿಲ್ಲದ ಆತಿಥ್ಯ

ನಮ್ಮ ನಾಡಿನಲ್ಲಿ ಪ್ರಯಾಣಿಕನ ವಸತಿಯು ಬಹುಕಾಲ ವ್ಯಾಪಾರದ ವಸ್ತುವಾಗಿರಲಿಲ್ಲ. ದೇವಾಲಯ, ಮಠ, ಸತ್ರಗಳಿಗೆ ಭೂಮಿಯನ್ನು ದತ್ತಿಯಾಗಿ ಬಿಟ್ಟು, ಅದರ ಉತ್ಪನ್ನದಿಂದ ಬಂದವರಿಗೆ ಅನ್ನವನ್ನೂ ಆಶ್ರಯವನ್ನೂ ಒದಗಿಸುತ್ತಿದ್ದರು. ಹಿರೇಕೆರೂರಿಗೆ ನೆರೆಯದಾದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ ೧೧೬೨ರ ಶಾಸನವು ಇದಕ್ಕೆ ಉತ್ತಮ ನಿದರ್ಶನ. ದೀನರು, ಅಂಗಹೀನರು, ನಾನಾ ಪಂಥಗಳ ಭಿಕ್ಷುಗಳು, ಕಲಾವಿದರು ಇವರೆಲ್ಲರಿಗೂ ಅನ್ನ ದೊರೆಯುವ, ಅನಾಥರಾದ ರೋಗಿಗಳಿಗೆ ಚಿಕಿತ್ಸೆ ನಡೆಯುವ, ಭಯಗೊಂಡವರಿಗೆ ಅಭಯ ಸಿಕ್ಕುವ ಸ್ಥಾನವದು ಎಂದು ಆ ಶಾಸನವು ತಿಳಿಸುತ್ತದೆ.

ಇಂಥ ಸಂಸ್ಥೆಗಳಿಗೆ ನಿಯಮಗಳಿರಲಿಲ್ಲವೆಂದು ಭಾವಿಸಲಾಗದು. ದತ್ತಿಯ ಷರತ್ತೇ ಅವುಗಳ ನಿಯಮವಾಗಿತ್ತು. ಅದನ್ನು ನಡೆಯಿಸುವ ಹೊಣೆಯು ಸ್ಥಾನಾಚಾರ್ಯನದು ಅಥವಾ ಮಠಾಧಿಪತಿಯದು. ಆದರೆ ಎಲ್ಲ ಸತ್ರಗಳೂ ಕೋಡಿಯಮಠದಷ್ಟು ವಿಶಾಲವಾಗಿರಲಿಲ್ಲ. ಮುಂದಿನ ಕಾಲದಲ್ಲಿ ಒಂದೊಂದು ಜಾತಿಗೂ ಪಂಗಡಕ್ಕೂ ಪ್ರತ್ಯೇಕವಾದ ಛತ್ರಗಳು ಬೆಳೆದವು. ಬಂದವನ ಕುಲವನ್ನು ಕೇಳಿ ಬಾಗಿಲು ತೆರೆಯುವ ರೂಢಿಯು ಆತಿಥ್ಯದ ಇತಿಹಾಸದ ಇನ್ನೊಂದು ಮುಖ. ಈ ಅಂಶವನ್ನು ಮುಂದೆ ಮತ್ತೆ ಪ್ರಸ್ತಾಪಿಸಲಾಗುವುದು.

೩. ಬರೆದ ನಿಯಮಗಳ ಆರಂಭ

ಹಣ ಪಡೆದು ಸ್ಥಳ ಕೊಡುವ ಮನೆಗಳನ್ನು ಕುರಿತು ಹಿಂದೂಸ್ತಾನದಲ್ಲಿ ರಚಿತವಾದ ಮೊದಮೊದಲ ಶಾಸನಗಳಲ್ಲಿ ೧೮೬೭ರ ಸರಾಯ್ ಕಾಯಿದೆಯು ಪ್ರಮುಖವಾದುದು. ಸರಾಯ್ ಎಂಬುದು ಪ್ರಯಾಣಿಕರ ತಂಗುಮನೆ ಎಂಬರ್ಥದ ಫಾರಸಿ ಶಬ್ದ. ಮದ್ಯವಾಚಕವಾದ ಸಾರಾಯಿಗೂ ಇದಕ್ಕೂ ಸಂಬಂಧವಿಲ್ಲ. ಉತ್ತರ ಹಿಂದೂಸ್ತಾನದ ಹೆದ್ದಾರಿಗಳ ಸರಾಯ್‌ಗಳನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟು ಈ ಕಾಯಿದೆಯನ್ನು ಮಾಡಿದ್ದರೂ, ಮುಂದಿನ ನಿಯಮಗಳ ಬೀಜರೂಪವು ಇದರಲ್ಲಿ ಕಾಣುವುದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಸರಾಯ್ ನಡೆಸುವವನು ತನ್ನ ಹೆಸರನ್ನು ಜಿಲ್ಲಾ ಮ್ಯಾಜಿಸ್ಟ್ರೇಟರಲ್ಲಿ ನೋಂದಾಯಿಸಬೇಕು. ಸಾಂಕ್ರಾಮಿಕ ರೋಗಿಯು ತಂಗಿದ್ದರೆ ಕೂಡಲೇ ವರದಿ ಮಾಡಬೇಕು. ಕೊಠಡಿ, ಪಡಸಾಲೆ, ಚರಂಡಿ, ಬಾವಿಗಳನ್ನು ಶುಚಿಯಾಗಿಡಬೇಕು. ಗೋಡೆ, ಬಾಗಿಲು, ಛಾವಣಿಗಳನ್ನು ದುರಸ್ತಿಯಲ್ಲಿಡಬೇಕು; ಕಳ್ಳರಿಗೆ ಒಳನುಗ್ಗಲು ಅನುಕೂಲವಾಗುವ ಮರ ಕೊಂಬೆಗಳನ್ನು ತೆಗೆಯಬೇಕು; ಕಾವಲುಗಾರರನ್ನು ಇಡಬೇಕು. ದರಗಳ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಮ್ಯಾಜಿಸ್ಟ್ರೇಟರು ಅಪೇಕ್ಷಿಸಿದರೆ ತಂಗಿದವರ ವಿವರವನ್ನು ಒಪ್ಪಿಸಬೇಕು. ಈ ಕರ್ತವ್ಯಗಳನ್ನು ಹೆಸರು, ಶುಚಿತ್ವ, ದರ ಎಂಬ ಮೂರು ಶೀರ್ಷಿಕೆಗಳಲ್ಲಿ ಅಡಗಿಸಬಹುದು. ತಂಗಿದವನಾರು ಎಂಬುದು ಪೋಲೀಸರ ಪ್ರಶ್ನೆ. ಮನೆ ಹೇಗಿದೆ ಎಂಬುದು ಆರೋಗ್ಯದ ಪ್ರಶ್ನೆ. ಎಷ್ಟು ಹಣ ಎಂಬುದು ಗಿರಾಕಿಯ ಪ್ರಶ್ನೆ.

ಇವುಗಳಲ್ಲಿ ಎರಡನೆಯದರ ಮಹತ್ವವನ್ನು ಧಾರವಾಡ ಸೀಮೆಯು ಕಷ್ಟದಿಂದ ಕಲಿಯಿತು. ೧೮೯೬ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಪ್ಲೇಗು ೧೮೯೮ರಲ್ಲಿ ಹುಬ್ಬಳ್ಳಿಯನ್ನು ತಲ್ಲಣಗೊಳಿಸಿತು. ೧೮೯೭ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದ ಪ್ರಯಾಣಿಕರ ತಪಾಸಣೆಯು ಆರಂಭವಾಯಿತು. ಊರಿನಿಂದ ಊರಿಗೆ ಸಂಚರಿಸುವವನು ತಂಗುವ ಸ್ಥಳವು ಊರಿನ ಆರೋಗ್ಯಕ್ಕೆ ಸಂಬಂಧಪಟ್ಟ ಸ್ಥಳವೆಂಬ ತಿಳಿವಳಿಕೆಯು ಇಂಥ ಅನುಭವಗಳಿಂದ ಬಲವಾಯಿತು.

೪. ಒಂದೇ ಸೀಮೆ, ಎರಡು ಆಡಳಿತ

ನಾಲ್ಕು ಊರುಗಳಲ್ಲಿ ಸವಣೂರಿನ ಇತಿಹಾಸವು ಭಿನ್ನವಾದುದು. ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರುಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಸವಣೂರು ೧೯೪೮ರವರೆಗೆ ನವಾಬರ ಸಂಸ್ಥಾನವಾಗಿತ್ತು. ಬ್ರಿಟಿಷ್ ಇಂಡಿಯಾದ ಕಾಯಿದೆಗಳು ಸಂಸ್ಥಾನದಲ್ಲಿ ತಾವಾಗಿಯೇ ಜಾರಿಗೆ ಬರುತ್ತಿರಲಿಲ್ಲ. ಹೀಗಾಗಿ ಶಿಗ್ಗಾಂವಿಯಿಂದ ಹೊರಟ ಪ್ರಯಾಣಿಕನು ಕೆಲವೇ ಮೈಲಿಗಳಲ್ಲಿ ಒಂದು ಆಡಳಿತವನ್ನು ಬಿಟ್ಟು ಇನ್ನೊಂದನ್ನು ಪ್ರವೇಶಿಸುತ್ತಿದ್ದನು.

ಮುಂಬಯಿ ಪ್ರಾಂತದಲ್ಲಿ ೧೯೦೧ರ ಜಿಲ್ಲಾ ಪುರಸಭೆಗಳ ಕಾಯಿದೆಯು ಪುರಸಭೆಗಳಿಗೆ ಉಪವಿಧಿಗಳನ್ನು ರಚಿಸುವ ಅಧಿಕಾರವನ್ನು ಕೊಟ್ಟಿತು. ಎರಡನೆಯ ಮಹಾಯುದ್ಧದ ತರುವಾಯ ವಸತಿಯ ಅಭಾವವು ತೀವ್ರವಾದಾಗ ೧೯೪೭ರಲ್ಲಿ ಮನೆಬಾಡಿಗೆಯನ್ನೂ ಹೋಟೆಲು ಮತ್ತು ವಸತಿಗೃಹಗಳ ದರಗಳನ್ನೂ ಒಟ್ಟಾಗಿ ನಿಯಂತ್ರಿಸುವ ಕಾಯಿದೆಯೊಂದು ಬಂದಿತು. ವರ್ಷದ ಬಾಡಿಗೆಗೂ ರಾತ್ರಿಯ ಬಾಡಿಗೆಗೂ ಇರುವ ಭೇದವನ್ನು ಒಂದೇ ಶಾಸನದೊಳಗೆ ಗುರುತಿಸಿದುದು ಅದರ ವಿಶೇಷ. ೧೯೫೧ರ ಮುಂಬಯಿ ಪೋಲೀಸು ಕಾಯಿದೆಯು ವಸತಿಗೃಹವನ್ನು ಸಾರ್ವಜನಿಕ ಸತ್ಕಾರಸ್ಥಳವೆಂಬ ವರ್ಗಕ್ಕೆ ಸೇರಿಸಿತು. ೧೯೫೬ರ ನವೆಂಬರ್ ೧ರಂದು ಧಾರವಾಡ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ೧೯೬೩ರ ಪೋಲೀಸು ಕಾಯಿದೆ ಮತ್ತು ೧೯೬೪ರ ಪುರಸಭೆಗಳ ಕಾಯಿದೆಗಳು ಈ ಹಳೆಯ ಶಾಸನಗಳ ಸ್ಥಾನವನ್ನು ಪಡೆದವು. ೧೯೯೭ರಲ್ಲಿ ಹಾವೇರಿ ಜಿಲ್ಲೆಯು ರೂಪುಗೊಂಡಾಗ ಬದಲಾದುದು ಜಿಲ್ಲಾ ಕಚೇರಿಯೇ ಹೊರತು ಕಾಯಿದೆಯಲ್ಲ.

ಈಗ ಹಾನಗಲ್ಲ, ಶಿಗ್ಗಾಂವಿ, ಸವಣೂರುಗಳಲ್ಲಿ ಪುರಸಭೆಗಳೂ ಹಿರೇಕೆರೂರಿನಲ್ಲಿ ಪಟ್ಟಣ ಪಂಚಾಯಿತಿಯೂ ಇವೆ. ವಸತಿಗೃಹ ನಡೆಸುವವನು ಇವುಗಳಿಂದ ವ್ಯಾಪಾರ ಪರವಾನಗಿಯನ್ನು ಪಡೆಯಬೇಕು. ಶಿಶುನಾಳ, ಬಾಡ, ಅಬಲೂರುಗಳಂಥ ಹಳ್ಳಿಗಳಿಗೆ ೧೯೯೩ರ ಪಂಚಾಯತ್ ರಾಜ್ ಕಾಯಿದೆಯು ಅನ್ವಯಿಸುತ್ತದೆ. ಅಲ್ಲಿ ಪರವಾನಗಿ ಕೊಡುವ ಅಧಿಕಾರವು ಗ್ರಾಮ ಪಂಚಾಯಿತಿಯದು.

೫. ಮನೆ ಮತ್ತು ವಸತಿಗೃಹ: ಗೆರೆ ಎಲ್ಲಿ?

ಇನ್ನು ಆರಂಭದ ಪ್ರಶ್ನೆಗೆ ಬರೋಣ. ಮನೆಯನ್ನು ವರ್ಷಕ್ಕೆ ಬಾಡಿಗೆಗೆ ಪಡೆದವನಿಗೆ ಆ ಅವಧಿಯಲ್ಲಿ ಮನೆಯ ಸ್ವಾಧೀನವಿರುತ್ತದೆ. ಒಡೆಯನೂ ಅವನ ಅನುಮತಿಯಿಲ್ಲದೆ ಒಳಗೆ ಬರುವಂತಿಲ್ಲ. ಇದು ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯಲ್ಲಿ ಹೇಳಿದ ಗೇಣಿಯ ಸಂಬಂಧ. ಎರಡು ರಾತ್ರಿ ತಂಗುವವನಿಗಾದರೋ ಇರುವುದು ಸ್ಥಳವನ್ನು ಬಳಸುವ ಅನುಮತಿ ಮಾತ್ರ. ಇದನ್ನು ಅದೇ ವರ್ಷದ ಈಸ್‌ಮೆಂಟ್ ಕಾಯಿದೆಯು ಬೇರೆಯಾಗಿ ವಿವರಿಸುತ್ತದೆ. ೧೯೫೯ರಲ್ಲಿ ದೆಹಲಿಯ ಹೋಟೆಲೊಂದರ ಕೊಠಡಿಗಳನ್ನು ಕುರಿತ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಪತ್ರದಲ್ಲಿ ಬರೆದ ಹೆಸರಿಗಿಂತ ವ್ಯವಹಾರದ ತಿರುಳನ್ನೂ ಉಭಯರ ಉದ್ದೇಶವನ್ನೂ ನೋಡಬೇಕೆಂದು ನಿರ್ಣಯಿಸಿತು. ಅಂದರೆ ಕರಾರಿನ ಮೇಲೆ ‘ಬಾಡಿಗೆ ಪತ್ರ’ ಎಂದು ಬರೆದ ಮಾತ್ರಕ್ಕೆ ಅತಿಥಿಯು ಬಾಡಿಗೆದಾರನಾಗುವುದಿಲ್ಲ.

ಫಲಕವಿಲ್ಲದ ಮನೆಯು ವಸತಿಗೃಹವಲ್ಲವೆಂಬ ಭಾವನೆಯೂ ಹೀಗೆಯೇ ನಿಲ್ಲಲಾರದು. ೧೯೪೬ರ ವಿದೇಶೀಯರ ಕಾಯಿದೆಯು, ಪ್ರತಿಫಲಕ್ಕಾಗಿ ಮಲಗುವ ಸ್ಥಳವನ್ನು ಒದಗಿಸುವ ಯಾವುದೇ ಆವರಣದ ಮೇಲ್ವಿಚಾರಕನೂ ವಿದೇಶೀ ಅತಿಥಿಯ ವಿವರವನ್ನು ತಿಳಿಸತಕ್ಕದ್ದೆಂದು ವಿಧಿಸಿತ್ತು. ಆವರಣದ ಹೆಸರು, ಆಕಾರಗಳನ್ನು ಅದು ಗಣನೆಗೆ ತಂದುಕೊಳ್ಳಲಿಲ್ಲ. ೨೦೨೫ರ ಸೆಪ್ಟೆಂಬರ್ ೧ರಿಂದ ಹೊಸ ವಲಸೆ ಮತ್ತು ವಿದೇಶೀಯರ ಕಾಯಿದೆಯು ಅದರ ಸ್ಥಾನಕ್ಕೆ ಬಂದಿದ್ದು, ವಸತಿ ಕೊಡುವವನ ಈ ಹೊಣೆಯು ಮುಂದುವರಿದಿದೆ. ಜಾನಪದದ ಕ್ಷೇತ್ರಕಾರ್ಯಕ್ಕೆ ಬಂದ ಹೊರದೇಶದ ವಿದ್ವಾಂಸನಿಗೆ ಶಿಗ್ಗಾಂವಿಯಲ್ಲಿ ಒಂದು ಖೋಲಿಯನ್ನು ಬಾಡಿಗೆಗೆ ಕೊಟ್ಟ ಗೃಹಸ್ಥನೂ ಈ ಹೊಣೆಗೆ ಒಳಪಡುತ್ತಾನೆ. ಗೆರೆಯನ್ನು ಎಳೆಯುವುದು ಹಣ. ಅಪರಿಚಿತನಿಂದ ಅಲ್ಪಾವಧಿಯ ವಸತಿಗೆ ಹಣ ಪಡೆದ ಕ್ಷಣದಿಂದ ಮನೆಗೆ ಸಾರ್ವಜನಿಕ ಲಕ್ಷಣವೊಂದು ಪ್ರಾಪ್ತವಾಗುತ್ತದೆ.

೬. ಗಣರಾಜ್ಯವು ಸೇರಿಸಿದ ನಾಲ್ಕನೆಯ ನಿಯಮ

೧೮೬೭ರ ಮೂರು ಶೀರ್ಷಿಕೆಗಳಿಗೆ ನಾಲ್ಕನೆಯದನ್ನು ಸೇರಿಸಿದುದು ೧೯೫೦ರ ಸಂವಿಧಾನ. ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣದಿಂದ ಯಾವ ನಾಗರಿಕನಿಗೂ ಹೋಟೆಲು ಮೊದಲಾದ ಸ್ಥಳಗಳ ಪ್ರವೇಶವನ್ನು ತಡೆಯಲಾಗದೆಂದು ಅದರ ೧೫ನೆಯ ಅನುಚ್ಛೇದವು ಸಾರಿತು. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಅಸ್ಪೃಶ್ಯತೆಯ ಆಧಾರದ ಮೇಲಿನ ನಿರಾಕರಣೆಯನ್ನು ಶಿಕ್ಷಾರ್ಹವನ್ನಾಗಿಸಿತು. ೧೯೭೬ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆಂದು ಪುನರ್ನಾಮಕರಣಗೊಂಡ ಈ ಶಾಸನವು ಧರ್ಮಶಾಲೆ, ಸರಾಯ್, ಮುಸಾಫರಖಾನೆಗಳನ್ನು ಹೆಸರಿಸಿಯೇ ಹೇಳುತ್ತದೆ. ‘ಹೋಟೆಲು’ ಎಂಬ ಶಬ್ದದಲ್ಲಿ ವಸತಿಗೃಹವನ್ನೂ ಅಡಕಗೊಳಿಸುತ್ತದೆ.

ಮನೆಯ ಖೋಲಿಯನ್ನು ದಿನದ ಬಾಡಿಗೆಗೆ ಕೊಡುವ ಪದ್ಧತಿಯ ಸಂದರ್ಭದಲ್ಲಿ ಈ ನಿಯಮದ ಮಹತ್ವವನ್ನು ವಿದ್ಯಾರ್ಥಿಗಳು ಮುಖ್ಯವಾಗಿ ಗಮನಿಸಬೇಕು. ಫಲಕ ಹಾಕಿದ ಲಾಡ್ಜಿನಲ್ಲಿ ಅತಿಥಿಯ ಹೆಸರನ್ನು ಕೇಳುವುದು ದಾಖಲೆಗಾಗಿ. ಮನೆಯಲ್ಲಿ ಅದೇ ಹೆಸರನ್ನು ಕೇಳಿ, ಅದರಿಂದ ಜಾತಿಯನ್ನು ಊಹಿಸಿ, “ಖೋಲಿ ಖಾಲಿ ಇಲ್ಲ” ಎಂದುಬಿಡುವುದು ಸುಲಭ. ಹೆಸರನ್ನು ಬರೆದಿಡಬೇಕೆಂಬ ಮೊದಲನೆಯ ನಿಯಮವು ಈ ರೀತಿ ನಾಲ್ಕನೆಯದನ್ನು ಮುರಿಯುವ ಸಾಧನವಾಗಬಾರದು. ಹಳೆಯ ಛತ್ರಗಳ ಬಾಗಿಲಲ್ಲಿ ನಿಂತಿದ್ದ ಪ್ರಶ್ನೆಯು ಹೊಸ ಮನೆಗಳ ಬಾಗಿಲಿಗೆ ಬಂದು ನಿಲ್ಲುವುದೋ ಇಲ್ಲವೋ ಎಂಬುದು ಇಲ್ಲಿಯ ನಿಜವಾದ ಪರೀಕ್ಷೆ.

೭. ಹೊರನಾಡಿನ ನಿಯಮಗಳು ಮತ್ತು ನಮ್ಮ ಸ್ಥಿತಿ

ನ್ಯೂಯಾರ್ಕ್ ನಗರವು ೨೦೨೨ರಲ್ಲಿ ಅಂಗೀಕರಿಸಿ ೨೦೨೩ರ ಸೆಪ್ಟೆಂಬರಿನಿಂದ ಜಾರಿಗೊಳಿಸಿದ ಕಾನೂನಿನ ಪ್ರಕಾರ, ಮೂವತ್ತು ದಿನಗಳಿಗಿಂತ ಕಡಿಮೆ ಅವಧಿಗೆ ಮನೆಯನ್ನು ಕೊಡುವವನು ನೋಂದಣಿ ಮಾಡಿಸಿರಬೇಕು, ತಾನೂ ಅಲ್ಲಿಯೇ ಇರಬೇಕು, ಇಬ್ಬರಿಗಿಂತ ಹೆಚ್ಚು ಅತಿಥಿಗಳನ್ನು ಇರಿಸಿಕೊಳ್ಳಬಾರದು. ಲಂಡನ್ನಿನಲ್ಲಿ ವಿಶೇಷ ಅನುಮತಿಯಿಲ್ಲದೆ ಇಡೀ ಮನೆಯನ್ನು ವರ್ಷಕ್ಕೆ ೯೦ ರಾತ್ರಿಗಳಿಗಿಂತ ಹೆಚ್ಚಾಗಿ ಕೊಡುವಂತಿಲ್ಲ. ಈ ಮಿತಿಗಳ ಹಿಂದಿರುವ ಮುಖ್ಯ ಕಾರಣವೆಂದರೆ ನಿವಾಸಿಗಳಿಗೆ ಮನೆ ಸಿಗದಂತಾಗುವ ಭಯ. ನಮ್ಮ ನಾಲ್ಕು ಊರುಗಳ ಕೊರತೆಯು ಬೇರೆ ಬಗೆಯದು. ಇಲ್ಲಿ ಜಾತ್ರೆಯ ದಿನಗಳಲ್ಲಿ ಒಮ್ಮೆಗೇ ಜನ ಬಂದು ಸೇರುತ್ತಾರೆ. ಉಳಿದ ದಿನಗಳಲ್ಲಿ ಬರುವವರು ವಿರಳ. ಆದುದರಿಂದ ಮಹಾನಗರಗಳ ಮಿತಿಗಳನ್ನು ಇಲ್ಲಿ ಅನುಕರಿಸುವುದು ಅನಾವಶ್ಯಕ.

ನಮ್ಮ ದೇಶದ ಸಣ್ಣ ಮನೆಗಳಿಗೆ ಹೆಚ್ಚು ಹೊಂದುವ ಮಾದರಿಯು ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ಯೋಜನೆಯಲ್ಲಿ ದೊರೆಯುತ್ತದೆ. ಅದರಂತೆ ಒಂದರಿಂದ ಆರರವರೆಗೆ ಕೊಠಡಿಗಳನ್ನು, ಹೆಚ್ಚೆಂದರೆ ಹನ್ನೆರಡು ಹಾಸಿಗೆಗಳನ್ನು ಅತಿಥಿಗಳಿಗೆ ಕೊಡಬಹುದು. ಒಡೆಯನ ಕುಟುಂಬವು ಅದೇ ಮನೆಯಲ್ಲಿ ವಾಸಿಸುತ್ತಿರಬೇಕು. ೧೯೭೯ರ ಕಾಯಿದೆಯಂತೆ ರಾಜ್ಯವು ವಸೂಲು ಮಾಡುತ್ತಿದ್ದ ಸುಖಭೋಗ ತೆರಿಗೆಯು ೨೦೧೭ರ ಜುಲೈ ೧ರಂದು ಸರಕು ಮತ್ತು ಸೇವಾ ತೆರಿಗೆಯಲ್ಲಿ ಲೀನವಾಯಿತು.

೮. ಮುಂದಿನ ಕಾರ್ಯ

ಪುರಸಭೆಯು ಉಪವಿಧಿಯೊಂದನ್ನು ಮಾಡಬೇಕಾದರೆ ಕರಡನ್ನು ಪ್ರಕಟಿಸಿ, ಆಕ್ಷೇಪಣೆಗಳನ್ನು ಆಲಿಸಿ, ಸರ್ಕಾರದ ಮಂಜೂರಾತಿಯನ್ನು ಪಡೆಯಬೇಕು. ಒಂದೆರಡು ಖೋಲಿಗಳ ಮನೆಗೆ ಇಪ್ಪತ್ತು ಕೊಠಡಿಗಳ ಲಾಡ್ಜಿನ ಹೊರೆಯನ್ನು ಹೊರಿಸಿದರೆ ಅದು ನೋಂದಣಿಗೆ ಬಾರದೆ ಮರೆಯಲ್ಲಿ ನಡೆಯುತ್ತದೆ. ಆಗ ರೋಗ, ಬೆಂಕಿ, ಕಳವುಗಳು ಸಂಭವಿಸಿದಾಗ ಯಾರು ತಂಗಿದ್ದರೆಂಬುದಕ್ಕೂ ದಾಖಲೆಯಿರುವುದಿಲ್ಲ. ನಿಯಮವನ್ನೇ ಮಾಡದಿದ್ದರೆ ಅತಿಥಿಗೂ ನೆರೆಯವರಿಗೂ ರಕ್ಷಣೆಯಿಲ್ಲ. ಒಂದೇ ಪುಟದ ಅರ್ಜಿ, ಅಲ್ಪ ಶುಲ್ಕ, ಅತಿಥಿಗಳ ದಾಖಲೆ ಪುಸ್ತಕ, ನೀರು ಮತ್ತು ಶೌಚದ ತಪಾಸಣೆ, ಕನ್ನಡದಲ್ಲಿ ಬರೆದ ದರಪಟ್ಟಿ, ಜಾತಿಮತಗಳ ಕಾರಣದಿಂದ ನಿರಾಕರಿಸಿದರೆ ಪರವಾನಗಿಯ ರದ್ದತಿ: ಇಷ್ಟನ್ನು ಒಳಗೊಂಡ ಉಪವಿಧಿಯು ಈ ಊರುಗಳ ಅಳತೆಗೆ ಸಾಕಾಗುವುದೆಂದು ಈ ಲೇಖಕನ ಅಭಿಪ್ರಾಯ.

ಇತಿಹಾಸದ ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವುಂಟು. ಪುರಸಭೆಗಳ ಹಳೆಯ ಠರಾವು ಪುಸ್ತಕಗಳು, ಛತ್ರಗಳ ದತ್ತಿಪತ್ರಗಳು, ೧೮೮೪ರ ಧಾರವಾಡ ಗ್ಯಾಸೆಟಿಯರು, ಸವಣೂರು ಸಂಸ್ಥಾನದ ದಫ್ತರು ಇವುಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದರೆ, ಯಾವ ಊರಿನಲ್ಲಿ ಯಾರಿಗೆ ಬಾಗಿಲು ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂಬುದರ ಚರಿತ್ರೆಯನ್ನು ತಾಲ್ಲೂಕು ತಾಲ್ಲೂಕಾಗಿ ಬರೆಯಲು ಸಾಧ್ಯ. ಊರಿನ ಹಿರಿಯರು ಇಂಥ ಛತ್ರಗಳ ರೂಢಿಗಳನ್ನು ನೆನಪಿನಿಂದ ಹೇಳಬಲ್ಲವರಾಗಿರುವಾಗಲೇ ಈ ಕಾರ್ಯವನ್ನು ಕೈಗೊಳ್ಳುವುದು ಉಚಿತ.